ಪರದೆಯ ಬೆಟ್ಟ, ಕಾಗದದ ಬೆಟ್ಟ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಹಳೆಯ ಸ್ನೇಹಿತರೊಬ್ಬರ ಮಗ ಕಟ್ಟಿಸಿದ ಹೊಸ ಮನೆಯ ಪ್ರವೇಶಕ್ಕೆ ಹೋಗಿದ್ದೆವು. ಪ್ರಸಾದ ಮುಗಿದು ಹಿರಿಯರೆಲ್ಲ ಎಲೆ ಅಡಿಕೆಯ ತಟ್ಟೆಯ ಸುತ್ತ ಕುಳಿತಿದ್ದಾಗ, ಆ ಮನೆಯ ಹುಡುಗ ನಮ್ಮ ಕೈಹಿಡಿದು ಮಹಡಿಯ ಮೇಲಿನ ತನ್ನ ಕೋಣೆಗೆ ಕರೆದೊಯ್ದನು. ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿದ್ದವನು ಅವನು. ಮೇಜಿನ ಮೇಲೆ ದೊಡ್ಡದೊಂದು ಕಂಪ್ಯೂಟರ್ ಪರದೆ, ಅದರ ಮುಂದೆ ವಿಮಾನದ ಹಿಡಿಕೆಯಂತಹ ಒಂದು ಸಾಧನ. ಕ್ಷಣಮಾತ್ರದಲ್ಲಿ ಪರದೆಯ ಮೇಲೆ ಹಿಮಾಲಯ ಮೂಡಿತು. ನೇಪಾಳದ ಲುಕ್ಲಾ ಎಂಬ ಊರಿನ ವಿಮಾನ ನಿಲ್ದಾಣವದು. ಸಮುದ್ರಮಟ್ಟದಿಂದ 9,300 ಅಡಿಗೂ ಮೇಲೆ; ಓಡುದಾರಿಯ ಉದ್ದ ಕೇವಲ 527 ಮೀಟರ್; ಅದೂ ಸಮತಟ್ಟಲ್ಲ, ನೂರಕ್ಕೆ ಸುಮಾರು 12ರಂತೆ ಏರುವ ಇಳಿಜಾರು. ಒಂದು ತುದಿಗೆ ಬೆಟ್ಟದ ಗೋಡೆ, ಇನ್ನೊಂದು ತುದಿಗೆ ಪ್ರಪಾತ. ಎವರೆಸ್ಟಿಗೆ ಹೋಗುವವರು ಇಳಿಯುವ ಜಾಗವಿದು. ಹುಡುಗನು ಸಲೀಸಾಗಿ ವಿಮಾನವನ್ನು ತಂದು ಅಲ್ಲಿ ಇಳಿಸಿ ನಮ್ಮತ್ತ ತಿರುಗಿದನು.

"ಇಲ್ಲಿ ನಾನು ನಲವತ್ತು ಸಲ ಇಳಿಸಿದೀನಿ, ಅಜ್ಜಾ."

ನಾವು ಮನಸಾರೆ ಮೆಚ್ಚಿದೆವು. ಆದರೆ ಕೆಳಗೆ ಬಂದಾಗ ತಿಳಿದುದು ಬೇರೆಯದೇ ಸಂಗತಿ. ಅವನನ್ನು ಅಮೆರಿಕದ ಕೊಲೊರಾಡೊ ಸಂಸ್ಥಾನದಲ್ಲಿ ವಿಮಾನ ಚಾಲನೆಯ ಶಿಕ್ಷಣಕ್ಕೆ ಕಳುಹಿಸುವುದೆಂದೂ, ಅದಕ್ಕಾಗಿ ಚನ್ನಗಿರಿಯ ಕಡೆ ಇರುವ ಅಡಿಕೆ ತೋಟದ ಒಂದು ಭಾಗವನ್ನು ಮಾರುವುದೆಂದೂ ಮನೆಯಲ್ಲಿ ಮಾತು ನಡೆದಿತ್ತು. ತಂದೆಗೆ ಹೆಮ್ಮೆ, ತಾಯಿಗೆ ಅಂಜಿಕೆ. "ಮನೆಯಲ್ಲಿ ಕೂತೇ ಅರ್ಧ ಕಲಿತುಬಿಟ್ಟಾನೆ. ಇನ್ನು ಅಲ್ಲಿ ಕಲಿಯೋದು ಎಷ್ಟಿರುತ್ತೆ, ನೀವೇ ಹೇಳ್ರಿ ಮೇಷ್ಟ್ರೇ" ಎಂದು ತಂದೆಯವರು ನಮ್ಮನ್ನು ಕೇಳಿದರು. ಮೂರು ದಶಕಗಳ ಕಾಲ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ತಪ್ಪಿಗೆ ಇಂತಹ ಪ್ರಶ್ನೆಗಳು ನಮ್ಮ ಪಾಲಿಗೆ ಬರುವುದುಂಟು. ನಾವು ವಿಮಾನ ನಡೆಸಿದವರಲ್ಲ. ಆದರೂ ಹುಡುಗನನ್ನು ಒಂದು ಮಾತು ಕೇಳಿದೆವು: "ಲುಕ್ಲಾಕ್ಕೆ ಹೊರಡುವ ಮುನ್ನ ಏನೇನು ಮಾಡಿದೆಯಪ್ಪಾ?" ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಊರು ಆರಿಸಿದೆ, ಬಟನ್ ಒತ್ತಿದೆ" ಎಂದನು.

ಇಂತಹ ಮಕ್ಕಳು ಈಗ ಅನೇಕ ಮನೆಗಳಲ್ಲಿದ್ದಾರೆ, ಇಂತಹ ನಿರ್ಧಾರದ ಮುಂದೆ ನಿಂತ ತಂದೆತಾಯಿಗಳೂ ಇದ್ದಾರೆ. ಆದುದರಿಂದ ಈ ಸಂಚಿಕೆಯ ಪುಟವನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇವೆ. ಲೆಕ್ಕಗಳು ತುಸು ಹೆಚ್ಚಾದರೆ ವಾಚಕ ಬಂಧುಗಳು ಕ್ಷಮಿಸಬೇಕು.

ಮೊದಲು ಆ ಯಂತ್ರಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡೋಣ. ನೆಲದ ಮೇಲೆ ಕುಳಿತು ಹಾರಾಟವನ್ನು ಅಭ್ಯಾಸ ಮಾಡಿಸುವ ಸಾಧನವನ್ನು ಎಡ್ವಿನ್ ಲಿಂಕ್ ಎಂಬ ಅಮೆರಿಕನ್ನನು 1929ರಲ್ಲಿಯೇ ರೂಪಿಸಿದ್ದನು. 1934ರಲ್ಲಿ ಅಲ್ಲಿಯ ಸೇನೆಗೆ ಅಂಚೆ ಸಾಗಿಸುವ ಕೆಲಸ ಬಂದಾಗ, ಕೆಟ್ಟ ಹವೆಯಲ್ಲಿ ಉಪಕರಣಗಳನ್ನು ನೋಡಿ ಹಾರಲು ಬಾರದೆ ಹಲವಾರು ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಆ ಬಳಿಕವೇ ಸೇನೆಯು ಲಿಂಕ್‌ನ ಯಂತ್ರಗಳನ್ನು ಕೊಂಡುದು. ಮನೆಯ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಫ್ಲೈಟ್ ಸಿಮ್ಯುಲೇಟರ್ ಬಂದುದು 1982ರಲ್ಲಿ. ಕೆಲವೇ ಗೆರೆಗಳಲ್ಲಿ ಬರೆದ ಬೆಟ್ಟಗಳಿದ್ದ ಆ ಆಟ, 2020ರ ಆವೃತ್ತಿಯ ಹೊತ್ತಿಗೆ ಉಪಗ್ರಹದ ಚಿತ್ರಗಳಿಂದ ಇಡೀ ಭೂಮಂಡಲವನ್ನೇ ಪರದೆಗೆ ತಂದಿತು. ಇಂದು ನಿಜವಾದ ಪೈಲಟ್‌ಗಳೂ ಹೊಸ ಕಣಿವೆಗೆ ಹೋಗುವ ಮುನ್ನ ಮನೆಯಲ್ಲಿ ಆ ದಾರಿಯನ್ನೊಮ್ಮೆ ಹಾರಿ ನೋಡಿಕೊಳ್ಳುವುದುಂಟು. ಯಾವ ತಿರುವಿನಲ್ಲಿ ಯಾವ ಶಿಖರ ಎಡಕ್ಕೆ ಬರುವುದೆಂಬುದು ಕಣ್ಣಿಗೆ ರೂಢಿಯಾಗುತ್ತದೆ. ಗಾಳಿಯ ಸಾಂದ್ರತೆ, ತೂಕ, ಹವಾಮಾನ ಇವೆಲ್ಲವನ್ನೂ ಆ ಆಟ ತನ್ನೊಳಗೆ ಲೆಕ್ಕ ಹಾಕಿಯೇ ಹಾಕುತ್ತದೆ.

ತೊಂದರೆ ಇರುವುದು ಅಲ್ಲಿಯೇ. ಲೆಕ್ಕವನ್ನು ಆಟ ಹಾಕುತ್ತದೆ, ಹುಡುಗ ಹಾಕುವುದಿಲ್ಲ. ಇಂಧನದ ಮಿಶ್ರಣವನ್ನು ಎತ್ತರಕ್ಕೆ ತಕ್ಕಂತೆ ಕಡಿಮೆ ಮಾಡುವ ಕೆಲಸವನ್ನೂ ತಾನೇ ಮಾಡಿಕೊಡುವ ಸೌಲಭ್ಯ ಅದರಲ್ಲಿದೆ. ಅಪ್ಪಳಿಸಿದರೆ ಹಾನಿಯಾಗದಂತೆ ಮಾಡಿಕೊಳ್ಳುವ ಗುಂಡಿಯೂ ಇದೆಯಂತೆ. ಹೀಗಿರುವಾಗ ಕಾಗದ, ಪೆನ್ಸಿಲ್ ಹಿಡಿಯುವ ಅಗತ್ಯ ಯಾರಿಗೆ ತೋರೀತು?

ಅವನು ಹೋಗಬೇಕೆಂದಿರುವ ಕೊಲೊರಾಡೊವನ್ನೇ ತೆಗೆದುಕೊಳ್ಳೋಣ. ಅಲ್ಲಿ 14,000 ಅಡಿಗೂ ಮಿಗಿಲಾದ ಶಿಖರಗಳು ಐವತ್ತಕ್ಕೂ ಹೆಚ್ಚು. ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಬೆಟ್ಟಗಳ ನಡುವೆ ಲೆಡ್‌ವಿಲ್ ಎಂಬ ಹಳೆಯ ಗಣಿಯೂರಿದೆ. ಅದರ ವಿಮಾನ ನಿಲ್ದಾಣ 9,934 ಅಡಿ ಎತ್ತರದಲ್ಲಿದ್ದು, ಆ ದೇಶದಲ್ಲಿ ಅದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಅಲ್ಲಿ ಇಳಿದ ಪೈಲಟ್‌ಗಳಿಗೆ ಒಂದು ಪ್ರಮಾಣಪತ್ರ ಕೊಡುವ ಸಂಪ್ರದಾಯವಿದೆ. ತರುಣರಿಗೆ ಅದರ ಮೇಲೆ ಆಸೆ.

ವಿಮಾನವು ಗಾಳಿಯನ್ನು ನಂಬಿದ ವಾಹನ. ರೆಕ್ಕೆಗೆ ಆಸರೆ ಗಾಳಿ, ಇಂಜಿನ್ನಿಗೆ ಉಸಿರು ಗಾಳಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 10,000 ಅಡಿಯಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಾತ್ರ. ಬಿಸಿಲೇರಿದರೆ ಇನ್ನಷ್ಟು ತೆಳು. ಆದುದರಿಂದ ನೆಲದ ಎತ್ತರ ಒಂದಾದರೆ, ಗಾಳಿಯ ಲೆಕ್ಕದ ಎತ್ತರ ಇನ್ನೊಂದು. ಇದನ್ನು ಪೈಲಟ್‌ಗಳು 'ಡೆನ್ಸಿಟಿ ಆಲ್ಟಿಟ್ಯೂಡ್' ಎನ್ನುತ್ತಾರೆ. ಲೆಕ್ಕ ಕಷ್ಟದ್ದಲ್ಲ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡು, ಪ್ರತಿ 1,000 ಅಡಿಗೆ 2 ಡಿಗ್ರಿಯಂತೆ ಕಳೆಯುತ್ತ ಹೋದರೆ ಆ ಎತ್ತರದ ಪ್ರಮಾಣಿತ ಉಷ್ಣತೆ ದೊರೆಯುತ್ತದೆ. ನಿಜವಾದ ಉಷ್ಣತೆ ಅದಕ್ಕಿಂತ ಎಷ್ಟು ಡಿಗ್ರಿ ಹೆಚ್ಚೋ, ಪ್ರತಿ ಡಿಗ್ರಿಗೆ 120 ಅಡಿ ಸೇರಿಸಬೇಕು. ಲೆಡ್‌ವಿಲ್‌ನಲ್ಲಿ ಪ್ರಮಾಣಿತ ಉಷ್ಣತೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಬೇಸಿಗೆಯ ಮಧ್ಯಾಹ್ನ 22 ಡಿಗ್ರಿ ಇದ್ದರೆ ವ್ಯತ್ಯಾಸ 27 ಡಿಗ್ರಿ. ವಾಯುಭಾರ ಸಾಮಾನ್ಯವಾಗಿದ್ದರೆ, ಗಾಳಿಯ ಲೆಕ್ಕದಲ್ಲಿ ಆ ನೆಲದ ಎತ್ತರ ಸುಮಾರು 13,200 ಅಡಿ!

ಶಾಲೆಗಳಲ್ಲಿ ಕಲಿಯಲು ಕೊಡುವ ನಾಲ್ಕು ಆಸನಗಳ ಸೆಸ್ನಾ 172 ಎಸ್ ವಿಮಾನಕ್ಕೆ ತಯಾರಕರು ಹಾಕಿದ ಎತ್ತರದ ಮಿತಿ 14,000 ಅಡಿ. ಪೂರ್ಣ ತೂಕ ಹೊತ್ತ ಆ ವಿಮಾನ ಲೆಡ್‌ವಿಲ್‌ನ ನೆಲದ ಮೇಲೆ ಚಕ್ರ ಊರಿ ನಿಂತಿರುವಾಗಲೇ ತನ್ನ ಮಿತಿಗೆ 800 ಅಡಿ ಸಮೀಪದಲ್ಲಿದೆ ಎಂದಾಯಿತು. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಏರಬಲ್ಲ ವಾಹನವು ಅಲ್ಲಿ 150 ಅಡಿಯನ್ನೂ ಏರದು. ಸುತ್ತಲೂ ಬೆಟ್ಟ.

ಇದು ಕೊಲೊರಾಡೊದ ಮಾತು ಮಾತ್ರವೆಂದು ತಿಳಿಯಬೇಡಿ. ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ಸರ್ಕಾರದ ವಿಮಾನ ತರಬೇತಿ ಶಾಲೆಯ ನೆಲ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಇದೇ ಲೆಕ್ಕದಂತೆ ಅಲ್ಲಿಯ ಗಾಳಿಯ ಎತ್ತರ 6,100 ಅಡಿಯಾಗುತ್ತದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿಗೆ ಇನ್ನು 200 ಅಡಿಯಷ್ಟೇ ಬಾಕಿ. ಜಕ್ಕೂರಿನ ಬಿಸಿಲಿನಲ್ಲಿ ನಿಂತ ವಿಮಾನಕ್ಕೆ ತಾನು ಚಿಕ್ಕಮಗಳೂರಿನ ಬೆಟ್ಟದ ಮೇಲಿದ್ದೇನೆಂದೇ ಅನ್ನಿಸುತ್ತದೆ ಎಂದರೆ ಉತ್ಪ್ರೇಕ್ಷೆಯೇನಲ್ಲ.

ತೂಕದ ವಿಚಾರವನ್ನು ಘಟ್ಟದ ಗಾಡಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಯಲಿನಲ್ಲಿ ಎಳೆಯುವ ಹೊರೆಯನ್ನು ಎತ್ತುಗಳು ಏರಿನಲ್ಲಿ ಎಳೆಯಲಾರವೆಂದು ಬಲ್ಲ ಅವರು ಘಟ್ಟದ ಬುಡದಲ್ಲಿಯೇ ಹೊರೆ ಇಳಿಸುತ್ತಿದ್ದರು. ನಾಲ್ಕು ಆಸನದ ವಿಮಾನದಲ್ಲಿ ನಾಲ್ವರು ಕೂರಬಹುದು, ಇಂಧನವನ್ನು ಕಂಠಮಟ್ಟ ತುಂಬಬಹುದು. ಎರಡನ್ನೂ ಒಟ್ಟಿಗೆ ಮಾಡಲು ಅನೇಕ ವೇಳೆ ಆಗದು. ಇದು ಹೊಸದಾಗಿ ಕಲಿಯುವವರಿಗೆ ಅಚ್ಚರಿ ತರುವ ಸಂಗತಿ.

ಇನ್ನು ಕಣಿವೆಯ ತಿರುವು. ಇದನ್ನು ನಾವು ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಕಣ್ಣು ಇಲ್ಲಿ ಪೂರಾ ಮೋಸ ಹೋಗುತ್ತದೆ. ಸಮುದ್ರಮಟ್ಟದ ಗಾಳಿಯಲ್ಲಿ 90 ನಾಟ್, ಅಂದರೆ ಗಂಟೆಗೆ ಸುಮಾರು 167 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ವಿಮಾನವು 30 ಡಿಗ್ರಿ ವಾಲಿಕೊಂಡು ಬಂದ ದಾರಿಗೆ ತಿರುಗಬೇಕಾದರೆ ಸುಮಾರು 760 ಮೀಟರ್ ಅಗಲದ ಜಾಗ ಬೇಕು. 12,000 ಅಡಿಯ ತೆಳುಗಾಳಿಯಲ್ಲಿ ವೇಗ ತೋರಿಸುವ ಮುಳ್ಳು ಅದೇ 90ರ ಮೇಲೆಯೇ ನಿಂತಿರುತ್ತದೆ. ವಿಮಾನ ಮಾತ್ರ ನಿಜವಾಗಿ ಓಡುತ್ತಿರುವುದು 108 ನಾಟ್ ವೇಗದಲ್ಲಿ. ಈಗ ತಿರುಗಲು ಬೇಕಾದ ಅಗಲ ಸುಮಾರು 1,090 ಮೀಟರ್. ಕಣಿವೆಯೋ ಮೇಲೆ ಹೋದಂತೆ ಕಿರಿದಾಗುತ್ತದೆ, ನೆಲವೋ ಏರುತ್ತ ಬರುತ್ತದೆ. ಬಯಲಿನಲ್ಲಿ ತಿರುಗಿದ ಅಭ್ಯಾಸದಿಂದ 'ಇಲ್ಲಿ ತಿರುಗಬಹುದು' ಎಂದುಕೊಂಡವನಿಗೆ, ತಿರುಗುವ ಹೊತ್ತಿಗೆ ಎದುರಿಗೆ ಬಂಡೆ. ಆದುದರಿಂದಲೇ ಬಲ್ಲವರು ಕಣಿವೆಯ ನಟ್ಟನಡುವೆ ಹಾರುವುದಿಲ್ಲ; ತಿರುಗಲು ಪೂರ್ಣ ಅಗಲ ದೊರೆಯಲೆಂದು ಒಂದು ಬದಿಯನ್ನು ಹಿಡಿದು ಹೋಗುತ್ತಾರೆ. ಬೆಟ್ಟಸಾಲಿನ ನೆತ್ತಿಯನ್ನು ದಾಟುವಾಗಲೂ ಅದಕ್ಕೆ ನೇರವಾಗಿ ಎದೆಯೊಡ್ಡದೆ, 45 ಡಿಗ್ರಿ ಓರೆಯಾಗಿ ಸಮೀಪಿಸುತ್ತಾರೆ. ಗಾಳಿ ಕೆಳಕ್ಕೆ ನೂಕಿದರೆ ಅರ್ಧ ತಿರುವಿನಲ್ಲಿಯೇ ಬಯಲಿನತ್ತ ಹೊರಳಿಕೊಳ್ಳಬಹುದು.

ಗಾಳಿ ಕೆಳಕ್ಕೆ ನೂಕುವುದೆಂದರೇನು? ತುಂಗಭದ್ರೆಯ ನೀರು ಬಂಡೆಯನ್ನು ದಾಟಿದ ಮೇಲೆ ಅದರ ಹಿಂಬದಿಯಲ್ಲಿ ಹೇಗೆ ಧುಮುಕಿ ಸುಳಿಯಾಗುತ್ತದೆಯೋ, ಬೆಟ್ಟವನ್ನು ದಾಟಿದ ಗಾಳಿಯದೂ ಅದೇ ನಡೆ. ನೀರಿನ ಸುಳಿ ಕಾಣುತ್ತದೆ, ಗಾಳಿಯ ಸುಳಿ ಕಾಣದು. ನಿಮಿಷಕ್ಕೆ 400 ಅಡಿ ಕೆಳಕ್ಕೆ ನೂಕುವ ಗಾಳಿ ಬೆಟ್ಟಗಳಲ್ಲಿ ಅಪರೂಪವೇನಲ್ಲ. ನಿಮಿಷಕ್ಕೆ 150 ಅಡಿ ಏರಲಾರದ ವಿಮಾನದ ಗತಿಯನ್ನು ವಾಚಕರೇ ಊಹಿಸಬಹುದು. ಬೆಟ್ಟದ ನೆತ್ತಿಯಲ್ಲಿ ಗಾಳಿಯ ವೇಗ 25 ನಾಟ್ ಮೀರಿದ್ದರೆ ಸಣ್ಣ ವಿಮಾನದವರು ಅಂದಿನ ಪ್ರಯಾಣವನ್ನೇ ಕೈಬಿಡಬೇಕೆಂದು ಅನುಭವಿಗಳು ಹೇಳುತ್ತಾರೆ. ಮುಂಜಾನೆಯೇ ಹೊರಟು ಮಧ್ಯಾಹ್ನಕ್ಕೆ ಮುಂಚೆ ಇಳಿದುಬಿಡಬೇಕೆಂಬುದೂ ಅವರದೇ ಮಾತು.

ಪರದೆಯ ಮುಂದೆ ಕುಳಿತವನ ದೇಹಕ್ಕೆ ಇದಾವುದೂ ತಟ್ಟುವುದಿಲ್ಲ. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಮನುಷ್ಯನಿಗೆ ಸಂಕಟವಾಗುವ ಬದಲು ಒಂದು ಬಗೆಯ ಹುಮ್ಮಸ್ಸು ಬರುತ್ತದಂತೆ. ತಾನು ಸರಿಯಾಗಿಯೇ ಇದ್ದೇನೆಂದು ನಂಬಿಕೊಂಡೇ ಅವನು ತಪ್ಪು ಮಾಡುತ್ತಾನೆ. ಅದಕ್ಕಾಗಿಯೇ ಅಮೆರಿಕದ ನಿಯಮದಂತೆ 12,500 ಅಡಿಗಿಂತ ಮೇಲೆ ಅರ್ಧ ಗಂಟೆ ಮೀರಿದರೆ ಪೈಲಟ್ ಆಮ್ಲಜನಕ ಬಳಸಬೇಕು, 14,000 ಅಡಿ ದಾಟಿದರೆ ಸದಾ ಬಳಸಬೇಕು. ದಾವಣಗೆರೆಯ ಮಹಡಿಯ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ತಾಯಿ ಚಹಾ ತಂದಿಡುತ್ತಾಳೆ.

ಎರಡು ದುರಂತಗಳನ್ನು ಇಲ್ಲಿ ನೆನೆಯದೆ ಮುಂದುವರಿಯಲಾರೆವು. ಮೊದಲನೆಯದು ತಂದೆತಾಯಿಗಳು ಓದಬೇಕಾದದ್ದು. 1996ರ ಏಪ್ರಿಲ್ ತಿಂಗಳಲ್ಲಿ ಜೆಸಿಕಾ ಡುಬ್ರಾಫ್ ಎಂಬ 7 ವರ್ಷದ ಬಾಲೆ ಅಮೆರಿಕವನ್ನು ಅಡ್ಡಲಾಗಿ ಹಾರುವ ಅತ್ಯಂತ ಕಿರಿಯಳೆನಿಸಿಕೊಳ್ಳಲು ತಂದೆ ಹಾಗೂ ತನ್ನ ಶಿಕ್ಷಕರೊಡನೆ ಕ್ಯಾಲಿಫೋರ್ನಿಯಾದ ಕಡಲಂಚಿನ ಊರಿನಿಂದ ಸಣ್ಣ ಸೆಸ್ನಾ ವಿಮಾನದಲ್ಲಿ ಹೊರಟಳು. ಎರಡನೆಯ ದಿನ, ಏಪ್ರಿಲ್ 11ರ ಬೆಳಿಗ್ಗೆ, ವಯೋಮಿಂಗ್ ಸಂಸ್ಥಾನದ ಶಯಾನ್ ನಗರದಲ್ಲಿ ಮಳೆ, ಗಾಳಿ, ಗುಡುಗು. ಅಲ್ಲಿಯ ನೆಲವೇ 6,000 ಅಡಿಗೂ ಎತ್ತರ. ವಿಮಾನದಲ್ಲಿ ಅನುಮತಿಗಿಂತ ಹೆಚ್ಚಿನ ಭಾರವಿತ್ತು. ಮೇಲೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಅದು ಕೆಳಕ್ಕೆ ಬಿದ್ದು ಮೂವರೂ ತೀರಿಹೋದರು. ಅಂತಹ ಹವೆಯಲ್ಲಿ ಹೊರಟದ್ದು ಶಿಕ್ಷಕರ ತಪ್ಪು ನಿರ್ಧಾರವೆಂದು ತನಿಖಾ ಮಂಡಳಿ ಹೇಳಿತು. ಪತ್ರಿಕೆ, ದೂರದರ್ಶನದವರಿಗೆ ಕೊಟ್ಟ ಮಾತಿನಂತೆ ಊರೂರಿಗೆ ವೇಳೆಗೆ ಸರಿಯಾಗಿ ಮುಟ್ಟಬೇಕೆಂಬ ಆತುರವೂ ಅದರ ಹಿಂದಿತ್ತೆಂದು ದಾಖಲಿಸಿತು. ಕಡಲಮಟ್ಟದಲ್ಲಿ ಹಾರಿ ರೂಢಿಯಿದ್ದ ಶಿಕ್ಷಕರಿಗೆ ಶಯಾನ್‌ನ ತೆಳುಗಾಳಿ ಹೊಸದು. ಕಾದು ನಿಂತಿದ್ದರೆ ಹೋಗುತ್ತಿದ್ದುದು ಒಂದು ದಿನ.

ಎರಡನೆಯದು ಅನುಭವಿಯೊಬ್ಬರದು. ಬಲೂನಿನಲ್ಲಿ ಒಂಟಿಯಾಗಿ ಭೂಮಿಯನ್ನು ಸುತ್ತಿದ ಮೊದಲಿಗ, 2005ರಲ್ಲಿ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಒಬ್ಬನೇ ವಿಮಾನದಲ್ಲಿ ಜಗತ್ತನ್ನು ಸುತ್ತಿಬಂದ ಸಾಹಸಿ ಸ್ಟೀವ್ ಫಾಸೆಟ್ ಅವರು 2007ರ ಸೆಪ್ಟೆಂಬರ್ 3ರಂದು ಬೆಳಿಗ್ಗೆ ನೆವಾಡಾದ ತೋಟದ ಮನೆಯೊಂದರಿಂದ ಎರಡು ಆಸನದ ಪುಟ್ಟ ವಿಮಾನದಲ್ಲಿ ಹೊರಟರು. ಸ್ವಲ್ಪ ಹೊತ್ತು ಸುತ್ತಾಡಿ ಬರುವ ಪ್ರಯಾಣ. ಯಾವ ದಾರಿಯಲ್ಲಿ ಹೋಗುವೆನೆಂದು ಯಾರಿಗೂ ಬರೆದುಕೊಟ್ಟಿರಲಿಲ್ಲ. ಹಾಗೆ ಕೊಡಲೇಬೇಕೆಂಬ ನಿಯಮವೂ ಇರಲಿಲ್ಲ. ಅವರು ಮರಳಲಿಲ್ಲ. ದಾರಿ ತಿಳಿಯದ ಕಾರಣ ಹುಡುಕುವವರು ಸಹಸ್ರಾರು ಚದರ ಮೈಲಿಗಳನ್ನು ಜಾಲಾಡಬೇಕಾಯಿತು. ಲೋಕದ ನಾನಾ ಕಡೆಯ ಜನ ತಮ್ಮ ತಮ್ಮ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಉಪಗ್ರಹ ಚಿತ್ರಗಳಲ್ಲಿ ಅಂಗುಲಂಗುಲ ಹುಡುಕಿದರು. ಸಿಗಲಿಲ್ಲ. ವರ್ಷ ಕಳೆದು 2008ರ ಸೆಪ್ಟೆಂಬರ್ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಕಾಲುನಡಿಗೆಯಲ್ಲಿ ಹೋಗುತ್ತಿದ್ದವರೊಬ್ಬರಿಗೆ ಅವರ ಗುರುತುಪತ್ರ ಸಿಕ್ಕಿತು. ಸುಮಾರು 10,000 ಅಡಿ ಎತ್ತರದಲ್ಲಿ ವಿಮಾನದ ಅವಶೇಷವೂ ದೊರೆಯಿತು. ವಿಮಾನದ ಏರುವ ಶಕ್ತಿಯನ್ನು ಮೀರಿದ ಇಳಿಗಾಳಿಗೆ ಅದು ಸಿಕ್ಕಿತೆಂಬುದು 2009ರ ತನಿಖೆಯ ತೀರ್ಮಾನ. ಅಷ್ಟೆಲ್ಲ ದಾಖಲೆಗಳನ್ನು ಮಾಡಿದವರ ಗತಿಯೇ ಹೀಗಾದರೆ ಉಳಿದವರ ಪಾಡೇನು ಎಂದು ನಮಗೆ ಅನ್ನಿಸಿದ್ದು ಸಹಜ.

ಹುಡುಗನಿಗೆ ಇದನ್ನೆಲ್ಲ ಹೇಳಿ ಹೆದರಿಸುವುದು ನಮ್ಮ ಉದ್ದೇಶವಾಗಿರಲಿಲ್ಲ. ಹೊರಡುವಾಗ ಅವನಿಗೊಂದು ಮನೆಗೆಲಸ ಕೊಟ್ಟೆವು, ಹಳೆಯ ಮೇಷ್ಟರ ಚಾಳಿ. ಡೆನ್ವರ್‌ನಿಂದ ಲೆಡ್‌ವಿಲ್‌ಗೆ ಅಪ್ಪ, ಅಮ್ಮ, ತಂಗಿಯನ್ನು ಕೂರಿಸಿಕೊಂಡು ಜುಲೈ ತಿಂಗಳ ಮಧ್ಯಾಹ್ನ ಹೋಗಿ, ಹಾಗೆಯೇ ಮರಳಿ ಬರಬೇಕು. ವಿಮಾನದ ಕೈಪಿಡಿಯನ್ನು ನೋಡಿ ತೂಕ, ಇಂಧನ, ಓಡುದಾರಿಯ ಉದ್ದ, ಗಾಳಿಯ ಎತ್ತರ, ಕೆಟ್ಟರೆ ಇಳಿಯುವ ಬೇರೆ ಜಾಗ, ಎಲ್ಲವನ್ನೂ ಕೈಯಿಂದ ಬರೆಯಬೇಕು. ಅಮೆರಿಕದ ನಿಯಮವೇ ಪ್ರತಿ ಪೈಲಟ್‌ನಿಂದ ಹೊರಡುವ ಮುನ್ನ ಇಷ್ಟನ್ನೂ ಅರಿತಿರಬೇಕೆಂದು ಕೇಳುತ್ತದೆ; ನಾವು ಹೊಸದಾಗಿ ಏನನ್ನೂ ಹೇರಲಿಲ್ಲ.

ನಾಲ್ಕು ದಿನಗಳ ಮೇಲೆ ಅವನ ದೂರವಾಣಿ ಬಂದಿತು. ಧ್ವನಿಯಲ್ಲಿ ಎಂದಿನ ಗತ್ತು ಇರಲಿಲ್ಲ. "ಅಜ್ಜಾ, ಲೆಡ್‌ವಿಲ್‌ನಿಂದ ಮೇಲೇಳೋಕೆ ಎಷ್ಟು ಉದ್ದ ಬೇಕು ಅಂತ ನೋಡೋಣ ಅಂದ್ರೆ, ಪುಸ್ತಕದಲ್ಲಿ ಕೋಷ್ಟಕ 8,000 ಅಡಿಗೇ ಮುಗಿದುಹೋಗಿದೆ. ಮುಂದೆ ಖಾಲಿ."

ಅದೇ ಸ್ಥಳಕ್ಕೆ ಅವನು ಪರದೆಯ ಮೇಲೆ ಅನೇಕ ಸಲ ಹೋಗಿಬಂದಿದ್ದನಂತೆ. ತಯಾರಕರೇ ಅಂಕಿ ಬರೆಯದೆ ಬಿಟ್ಟ ಜಾಗ ಅದೆಂದು ಆಗ ತಿಳಿದಿರಲಿಲ್ಲ. ಬಲ್ಲ ಶಿಕ್ಷಕರೊಡನೆ, ತಂಪು ಹೊತ್ತಿನಲ್ಲಿ, ಹಗುರವಾದ ವಿಮಾನದಲ್ಲಿ ಜನ ಅಲ್ಲಿಗೆ ಹೋಗಿಬರುತ್ತಾರೆ ಎಂಬುದನ್ನೂ ಅವನಿಗೆ ಹೇಳಿದೆವು. ಇನ್ನೂ ಎರಡು ದಿನ ಕಳೆದು ಅವನು ಬರೆದ ಹಾಳೆಗಳು ಅಂಚೆಯಲ್ಲಿ ಬಂದವು. ತುಂಬಿದ ಇಂಧನವೊಂದೇ 144 ಕೆಜಿ. ಮನೆಯವರ ತೂಕ, ಚೀಲಗಳು ಸೇರಿದರೆ ಲೆಕ್ಕ ಮೀರುತ್ತಿತ್ತು. ಮೊದಲ ಹಾಳೆಯಲ್ಲಿ ಚೀಲಗಳನ್ನು ಬಿಟ್ಟಿದ್ದನು, ಎರಡನೆಯದರಲ್ಲಿ ತಂದೆಯನ್ನು. ಮೂರನೆಯದರಲ್ಲಿ ಉಳಿದವರು ಅವನು ಮತ್ತು ಶಿಕ್ಷಕರು ಇಬ್ಬರೇ. ಹೊರಡುವ ವೇಳೆ ಮುಂಜಾನೆ, ಲೆಡ್‌ವಿಲ್‌ನಲ್ಲಿ 5 ಡಿಗ್ರಿ ಚಳಿ ಇರುವಾಗ. ಆಗ ಗಾಳಿಯ ಎತ್ತರ ಸುಮಾರು 11,100 ಅಡಿ. ನಕ್ಷೆಯ ಮೇಲೆ ಒಂದು ಕಡೆ ಕೆಂಪು ಗೆರೆ ಎಳೆದು, ಇಲ್ಲಿಗೆ ಬರುವಷ್ಟರಲ್ಲಿ ಇಂತಿಷ್ಟು ಎತ್ತರ ಸಿಕ್ಕಿರದಿದ್ದರೆ ಹಿಂದಿರುಗುವುದು ಎಂದು ಬರೆದಿದ್ದನು. ಅದನ್ನು ನಾವು ಹೇಳಿಕೊಟ್ಟಿರಲಿಲ್ಲ.

ತಂದೆಯವರು ದೂರವಾಣಿಯಲ್ಲಿ, "ಖರ್ಚು ಕೊಡೋನು ನಾನು, ನನ್ನನ್ನೇ ಕೆಳಗೆ ಇಳಿಸಿಬಿಟ್ಟಾನೆ ನೋಡ್ರಿ" ಎಂದು ನಗುತ್ತಲೇ ದೂರಿದರು. ತೋಟದ ಮಾತನ್ನು ಈಗ ತಡೆಹಿಡಿದಿದ್ದಾರೆ. ಮೊದಲು ವೈದ್ಯಕೀಯ ಪರೀಕ್ಷೆಯಾಗಲಿ, ಇಲ್ಲಿಯೇ ಒಂದಿಷ್ಟು ಗಂಟೆ ನಿಜವಾದ ವಿಮಾನದಲ್ಲಿ ಕುಳಿತು ನೋಡಲಿ ಎಂದು ನಾವೂ ಸೂಚಿಸಿದೆವು. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಮನೆಯ ಆಟದ ಗಂಟೆಗಳು ಅದರಲ್ಲಿ ಒಂದೂ ಸೇರವು. ತಾಯಿ ಆ ಮೂರನೆಯ ಹಾಳೆಯ ಒಂದು ಪ್ರತಿಯನ್ನು ತಮಗೂ ಬೇಕೆಂದು ಕೇಳಿ ಇಟ್ಟುಕೊಂಡಿದ್ದಾರಂತೆ. ಹುಡುಗನು ಲುಕ್ಲಾಕ್ಕೆ ಈಗಲೂ ಹಾರುತ್ತಾನೆ. ಆದರೆ ಬಟನ್ ಒತ್ತುವ ಮುನ್ನ ಅರ್ಧ ಗಂಟೆ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಕೂರುತ್ತಾನೆಂದು ಅವನ ತಂಗಿ ನಮಗೆ ವರದಿ ಮಾಡಿದ್ದಾಳೆ.